ಹೊಟ್ಟೆಗೊಂದು ಬೀಳ್ಕೊಡುಗೆ

ನನ್ನ ಬದುಕಿನಲ್ಲಿ ಗಂಭೀರವಾದದ್ದು ಯಾವುದೂ ಗಂಭೀರವಾಗಿ ನಡೆದದ್ದೇ ಇಲ್ಲ. ಮದುವೆಯ ದಿನ ಪುರೋಹಿತರು ಇಬ್ಬರಿಗೂ ಒಂದೇ ಗೋತ್ರ ಹೇಳಿಬಿಟ್ಟದ್ದರಿಂದ ಐದು ನಿಮಿಷ ನಾನು ನನ್ನ ಹೆಂಡತಿಗೆ ಅಣ್ಣನಾಗಿದ್ದೆ. ದೊಡ್ಡ ಭೂಕಂಪದ ಮಧ್ಯಾಹ್ನ ಆಫೀಸಿನವರೆಲ್ಲ ಮೇಜಿನ ಕೆಳಗೆ ಸೇರಿಕೊಂಡಿದ್ದಾಗ ನಾನು ಟಾಯ್ಲೆಟ್ಟಿನಲ್ಲಿ ಸಿಕ್ಕಿಹಾಕಿಕೊಂಡು, ನೀರು ಚಿಮ್ಮಿಸುವ ಗುಂಡಿ ಯಾವುದು, ನಿಲ್ಲಿಸುವ ಗುಂಡಿ ಯಾವುದು ಅಂತ ತಡಕಾಡುತ್ತಿದ್ದೆ. ಅದಾಗಿ ಎರಡು ವರ್ಷಕ್ಕೆ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಇದಾದರೂ ಸ್ವಲ್ಪ ಮರ್ಯಾದೆಯಿಂದ ನಡೆಯುತ್ತದೆ ಅಂದುಕೊಂಡಿದ್ದೆ.

೧. ಈ ಏನು?

ಹೊಟ್ಟೆಪಾಡಿಗೆ ಅಂತ ಬೆಂಗಳೂರು ಬಿಟ್ಟು ಜಪಾನಿಗೆ ಬಂದವನು ನಾನು. ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸ, ಗ್ಯೋಟೋಕುವಿನಲ್ಲಿ ಮನೆ, ಹೆಂಡತಿ, ಒಂಬತ್ತು ವರ್ಷದ ಮಗಳು. ಇಲ್ಲಿ ವರ್ಷಕ್ಕೊಮ್ಮೆ ಆಫೀಸಿನವರೇ ಕರೆದುಕೊಂಡು ಹೋಗಿ, ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ, ತೇಗಬೇಡಿ ಅಂತ ಗದರಿಸಿ, ಹೊಟ್ಟೆಯ ಫೋಟೋ ತೆಗೆಸುತ್ತಾರೆ. ಆ ವರ್ಷ ನನ್ನ ಫೋಟೋ ಅವರಿಗೆ ಇಷ್ಟವಾಗಲಿಲ್ಲ. ಆಮೇಲೆ ಬಾಯಿಯೊಳಗೆ ಕ್ಯಾಮೆರಾ ಇಳಿಸಿದರು, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು, ಕೊನೆಗೆ ಒಂದು ಸೋಮವಾರ ಸರ್ಜನ್ ಎದುರಿಗೆ ಕೂರಿಸಿದರು.

ಸರ್ಜನ್ ತುಂಬ ಸಜ್ಜನ. ಹಾಳೆಯ ಮೇಲೆ ಒಂದು ಬದನೆಕಾಯಿ ಬರೆದು, ಅದಕ್ಕೆ ಪೆನ್ನು ತಾಗಿಸಿ, ನಿಧಾನವಾಗಿ "ಈ..." ಅಂದರು. ಅಂದು ಸುಮ್ಮನಾದರು.

ನಾನೂ ಸುಮ್ಮನಿದ್ದೆ. ಕನ್ನಡದವನ ಕಿವಿಗೆ 'ಈ' ಅಂದಮೇಲೆ ಮುಂದೆ ಏನಾದರೂ ಬರಬೇಕು. ಈ ಮನೆ, ಈ ಮನುಷ್ಯ, ಈ ಕರ್ಮ. ಅವರು ಇನ್ನೊಮ್ಮೆ "ಈ... ಝೆಂಬು" ಅಂದರು. ಝೆಂಬು ಅಂದರೆ ಪೂರ್ತಿ, ಅಷ್ಟೂ. ಅದನ್ನು ಅಂಗಡಿಯಲ್ಲಿ ಕಲಿತಿದ್ದೆ. ಈ ಅಷ್ಟೂ ಏನು ಸ್ವಾಮಿ, ಅಂತ ಮುಖ ನೋಡುತ್ತಾ ಕೂತೆ. ಅವರು ಪಾಪ, ಆಘಾತದಿಂದ ಇವನ ಮಾತು ನಿಂತುಹೋಗಿದೆ ಅಂದುಕೊಂಡು ಟಿಶ್ಯೂ ಡಬ್ಬ ನನ್ನ ಕಡೆ ತಳ್ಳಿದರು. ಆಮೇಲೆ ಬದನೆಕಾಯಿಯ ಮೇಲೆ ದೊಡ್ಡದಾಗಿ ಒಂದು ಕಾಟು ಹಾಕಿದರು. ಆಗ ಹೊಳೆಯಿತು. ಜಪಾನಿಯಲ್ಲಿ 'ಈ' ಅಂದರೆ ಜಠರ.

ಜಠರ ಪೂರ್ತಿ ತೆಗೆದು, ಅನ್ನನಾಳವನ್ನು ನೇರ ಕರುಳಿಗೆ ಹೊಲಿಯುತ್ತಾರಂತೆ. ಆಮೇಲೆ ಕೋಳಿ ಕುಕ್ಕಿದ ಹಾಗೆ ದಿನಕ್ಕೆ ಆರೇಳು ಸಲ ಒಂದೊಂದು ಹಿಡಿ ತಿಂದುಕೊಂಡು ಬದುಕಬಹುದಂತೆ. ಒಪ್ಪಿಗೆ ಪತ್ರ ಕೊಟ್ಟು, ಮುಂದಿನ ಸೋಮವಾರದೊಳಗೆ, ಇಲ್ಲಿ ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ಒತ್ತಿ ತನ್ನಿ, ಬುಧವಾರ ಆಪರೇಷನ್, ತಡ ಮಾಡುವುದು ಒಳ್ಳೆಯದಲ್ಲ ಅಂದರು. ನಾನು ಪತ್ರವನ್ನು ಬ್ಯಾಗಿಗೆ ಹಾಕಿಕೊಂಡು ಎದ್ದೆ. ಮುದ್ರೆ ಒತ್ತುವ ಮನಸ್ಸು ನನಗಿರಲಿಲ್ಲ. ಬೆಂಗಳೂರಿಗೆ ಹೋದರೆ ಅಲ್ಲಿಯವರು ಸ್ವಲ್ಪ ಉಳಿಸಿ ಕತ್ತರಿಸಬಹುದು ಅಂತ ಒಂದು ನೆಪ ಹುಡುಕಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತ್ತು. ಅಷ್ಟು ಹೆದರಿಕೆಯಾಗಿತ್ತು.

ಹೊರಗೆ ಹೆಂಡತಿ ಕಾಯುತ್ತಿದ್ದಳು. "ಏನು ತೆಗೀತಾರಂತೆ?" ಅಂದಳು.

"ಈ," ಅಂದೆ.

"ಈ ಏನ್ರೀ?"

"ಈ ಅಷ್ಟೇ ಕಣೇ. ಪೂರ್ತಿ."

೨. ನಲವತ್ತೊಂದು ವರ್ಷದ ಸರ್ವಿಸ್

ಆಫೀಸಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಿಗೆ, ಅಂದರೆ ಕಚೋ ಸಾನ್‌ಗೆ ಹೇಳಲೇಬೇಕಾಯಿತು. ಕಚೋ ಸಾನ್ ವರ್ಷಕ್ಕೆ ಒಂದೇ ಜೋಕು ಮಾಡುವ ಮನುಷ್ಯ, ಅದೂ ಡಿಸೆಂಬರ್ ಪಾರ್ಟಿಯಲ್ಲಿ, ಮೊದಲೇ ಬರೆದುಕೊಂಡು ಬಂದು. ಎಲ್ಲ ಕೇಳಿಸಿಕೊಂಡು ಒಂದು ನಿಮಿಷ ಹಲ್ಲಿನ ಸಂದಿಯಿಂದ ಉಸಿರೆಳೆದರು. ಆಮೇಲೆ ನನ್ನ ವಯಸ್ಸು ಕೇಳಿದರು.

"ನಲವತ್ತೊಂದು."

"ಅಂದರೆ ನಿಮ್ಮ ಹೊಟ್ಟೆ ನಲವತ್ತೊಂದು ವರ್ಷ ರಜೆಯಿಲ್ಲದೆ ದುಡಿದಿದೆ. ಬೀಳ್ಕೊಡುಗೆ ಮಾಡದೆ ಕಳಿಸುವುದು ಸರಿಯಲ್ಲ," ಅಂದು ಶುಕ್ರವಾರದ ರಜೆಗೆ ತಾವೇ ಮುದ್ರೆ ಒತ್ತಿದರು. ಮುಖದಲ್ಲಿ ನಗುವಿರಲಿಲ್ಲ. ಬೆಟ್ಟದ ಮೇಲಿನ ತಂಪು ಊರಿಗೆ ಹೋಗಿ, ಹೊಟ್ಟೆ ಕೇಳಿದ್ದನ್ನೆಲ್ಲ ಕೊಡಿಸಿ ಅಂದರು.

ಮನೆಗೆ ಬಂದು ಹೇಳಿದರೆ ಹೆಂಡತಿ ಒಪ್ಪಿದಳು. ಆದರೆ ಸಮುದ್ರದ ಹತ್ತಿರ ಮಾತ್ರ ಬೇಡ ಅಂದಳು. ಭೂಕಂಪದ ದಿನ ಒಂಬತ್ತನೇ ಮಹಡಿಯಲ್ಲಿ ಮಗಳನ್ನು ತಬ್ಬಿಕೊಂಡು ಒಬ್ಬಳೇ ಕೂತು, ಸಮುದ್ರ ಊರಿನೊಳಗೆ ನಡೆದು ಬರುವುದನ್ನು ಟಿವಿಯಲ್ಲಿ ನೋಡಿದವಳು ಅವಳು. ಆವತ್ತಿನಿಂದ ಸ್ನಾನದ ತೊಟ್ಟಿಯನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿಸುವುದಿಲ್ಲ. ನಾನು ಮ್ಯಾಪು ಹರಡಿಕೊಂಡು, ಎಲ್ಲ ಕಡಲಿಗೂ ದೂರವಾದ ಊರು ಹುಡುಕಿ, ಕರುಯಿಜಾವಾ ಅಂತ ಬೆರಳಿಟ್ಟೆ. ಸಾವಿರ ಮೀಟರ್ ಎತ್ತರ, ಟೋಕಿಯೋದಿಂದ ಬುಲೆಟ್ ಟ್ರೈನಿನಲ್ಲಿ ಒಂದು ಗಂಟೆ ಚಿಲ್ಲರೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಶುಕ್ರವಾರ ಅಲ್ಲಿಯ ಸ್ಟೇಷನ್ನಿನಿಂದ ಹೊರಗೆ ಬಂದರೆ ಊರಿನ ಹಿಂದೆ ದೊಡ್ಡ ಬೋಳು ಬೆಟ್ಟ. ಅದರ ನೆತ್ತಿಯಿಂದ ಬೆಳ್ಳಗೆ ಹೊಗೆ ಏಳುತ್ತಿತ್ತು. ನಮ್ಮ ಮನೆಯಲ್ಲಿ ಜಪಾನಿ ಬೋರ್ಡು ಓದುವವಳು ಮಗಳೊಬ್ಬಳೇ. ಅವಳು ಅಲ್ಲಿದ್ದ ಫಲಕ ಓದಿ, "ಅಮ್ಮಾ, ಇಟ್ಸ್ ಎ ವಾಲ್ಕೇನೋ. ಆ್ಯಕ್ಟಿವ್ ಅಂತೆ," ಅಂದಳು.

ಹೆಂಡತಿ ಬೆಟ್ಟ ನೋಡಿದಳು, ನನ್ನನ್ನು ನೋಡಿದಳು. "ನೀರಿಗೆ ಹೆದರಿದೆ ಅಂತ ಬೆಂಕಿಗೆ ಕರ್ಕೊಂಡು ಬಂದ್ರಾ?"

"ಪಾಪ, ಅದಕ್ಕೂ ನನ್ನ ಹಾಗೆ ಹೊಟ್ಟೆ ಸರಿಯಿಲ್ಲ ಅಂತ ಕಾಣುತ್ತೆ," ಅಂದೆ, ಮಾತು ತೇಲಿಸಲು.

"ಅದು ಬೆಟ್ಟ, ಡಾಕ್ಟರ್ ಹತ್ರ ಹೋಗೋಕೆ ಕಾಲಿಲ್ಲ. ನಿಮಗೇನಾಗಿದೆ?"

೩. ಪಾದ್ರಿಗಳ ಬ್ರೆಡ್ಡು

ಜಪಾನನ್ನು ಬಿಳಿಯರು ಯಾವತ್ತೂ ಆಳಲಿಲ್ಲ. ಆದರೂ ನೂರು ಚಿಲ್ಲರೆ ವರ್ಷದ ಹಿಂದೆ ಟೋಕಿಯೋದ ಸೆಕೆ ತಡೆಯಲಾರದ ಪಾದ್ರಿಗಳು, ರಾಯಭಾರಿಗಳು ಈ ಬೆಟ್ಟದ ತಪ್ಪಲಿಗೆ ಬಂದು, ಒಂದು ಕೋಣೆಯ ಮರದ ಚರ್ಚು, ಟೆನಿಸ್ ಅಂಗಳ, ಹೊಗೆಗೂಡಿನ ಬಂಗಲೆ ಎಲ್ಲ ಕಟ್ಟಿಕೊಂಡರು. ಹೆಂಡತಿ ಮೈಸೂರಿನವಳು. ಹಳೇ ಬೀದಿಯಲ್ಲಿ ನಾಲ್ಕು ಹೆಜ್ಜೆ ಹಾಕಿ, "ಇದು ಊಟೀನೇ ಕಣ್ರೀ, ವರ್ಕಿ ಬಿಸ್ಕತ್ತು ಒಂದಿಲ್ಲ," ಅಂದಳು. "ಇವರು ಯಾರ ಕೈಲೂ ಆಳಿಸಿಕೊಳ್ಳದೇನೇ ಊಟಿ ಮಾಡ್ಕೊಂಡ್ರಲ್ಲ, ನೋಡಿ."

ವರ್ಕಿ ಇಲ್ಲದಿದ್ದರೇನು, ಬ್ರೆಡ್ಡಿತ್ತು. ಪಾದ್ರಿಗಳು ಹೋದರೂ ಅವರ ಬ್ರೆಡ್ಡು, ಜಾಮು ಊರಿನಲ್ಲಿ ಉಳಿದುಬಿಟ್ಟಿದೆ. ಈ ದೇಶದಲ್ಲಿ ಸಾರಿಗೂ ಮೀನಿನ ನೀರು, ಸೊಪ್ಪಿಗೂ ಮೀನಿನ ನೀರು. ನಮ್ಮಂಥ ಪುಳಿಚಾರು ಜನ ಹೊರಗೆ ಧೈರ್ಯವಾಗಿ ಹೊಟ್ಟೆ ತುಂಬಿಸಿಕೊಳ್ಳುವುದು ಬ್ರೆಡ್ಡಿನಿಂದ ಮಾತ್ರ. ಕಚೋ ಸಾನ್ ಹೇಳಿದ ಬೀಳ್ಕೊಡುಗೆ ಇಲ್ಲೇ ಆಗಲಿ ಅಂತ ನಾನು ತಟ್ಟೆ, ಇಕ್ಕಳ ಹಿಡಿದು ಬೇಕರಿಗೆ ನುಗ್ಗಿದೆ. ಅಕ್ರೋಟಿನದು, ದ್ರಾಕ್ಷಿಯದು, ಸಿಹಿ ಕೆಂಪು ಕಾಳಿನ ಹೂರಣದ್ದು, ಒಟ್ಟು ಹದಿನಾಲ್ಕು. ಅಂಗಡಿಯಾಕೆ ಎಷ್ಟು ಜನ ಅಂತ ಕೇಳಿದಳು. ಮಗಳು ಮೂರು ಅಂದಳು. ಆಕೆ ಇನ್ನೊಂದು ಸಲ ಕೇಳಿದಳು.

ಚರ್ಚಿನ ಎದುರು ಬೆಂಚಿನ ಮೇಲೆ ಕೂತು ಮೊದಲನೆಯದನ್ನು ಬಾಯಿಗಿಟ್ಟೆ. ಎರಡು ತುತ್ತು ಇಳಿಯಿತು. ಮೂರನೆಯದು ಗಂಟಲಲ್ಲೇ ನಿಂತಿತು. ಇನ್ನು ಜಾಗವಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರಲ್ಲ, ನನಗೆ ಹಲ್ಲೂ ಇತ್ತು, ಕಡಲೆಯೂ ಇತ್ತು, ಹೋಗಿ ಸೇರುವ ಕಡೆ ಬೇರೆಯವರು ಬೀಡುಬಿಟ್ಟಿದ್ದರು. ಅಲ್ಲಿಯವರೆಗೆ ಕ್ಯಾನ್ಸರ್ ಅನ್ನುವುದು ಕಾಗದದ ಮೇಲಿತ್ತು. ಆ ಬೆಂಚಿನ ಮೇಲೆ ಅದು ನನ್ನೊಳಗೆ ಕೂತಿರುವುದು ಗೊತ್ತಾಯಿತು.

ಹೆಂಡತಿ ನನ್ನ ಕೈಯಿಂದ ಬ್ರೆಡ್ಡು ತೆಗೆದುಕೊಂಡು ತಾನು ತಿನ್ನತೊಡಗಿದಳು. ಅನ್ನ ಬಿಸಾಡಬಾರದು ಅಂತ ಬೆಳೆದವಳು. ಸಂಜೆಯೂ ತಿಂದಳು, ರಾತ್ರಿ ಊಟಕ್ಕೂ ಅದೇ, ಬೆಳಿಗ್ಗೆ ಎದ್ದು ಉಳಿದದ್ದನ್ನು ಮುಗಿಸಿದಳು. ಒಂಬತ್ತು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಕೂತಳು. ಮೂವರೂ ಔಷಧಿ ಅಂಗಡಿಗೆ ಹೋದೆವು.

ಅಂಗಡಿಯವನು ಯಾರಿಗೆ, ಏನಾಗಿದೆ ಅಂತ ಕೇಳಿದ. ಮಗಳಿಗೆ ನಾವು ಏನನ್ನೂ ಮುಚ್ಚಿಡುವ ಹಾಗಿರಲಿಲ್ಲ, ಆಸ್ಪತ್ರೆಯ ಕಾಗದ ಓದಿ ಹೇಳುತ್ತಿದ್ದವಳೇ ಅವಳು. ಅವಳು ಜಪಾನಿಯಲ್ಲಿ ಸ್ಪಷ್ಟವಾಗಿ ಹೇಳಿದಳು: "ಬುಧವಾರ ಅಪ್ಪನ ಹೊಟ್ಟೆ ತೆಗೀತಾರೆ. ಅದಕ್ಕೇ ಅಮ್ಮನಿಗೆ ಅಜೀರ್ಣ."

ಅವನು ತುಂಬ ಹೊತ್ತು ಯೋಚಿಸಿ, ಇದಕ್ಕೆ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಒಳಗಿದ್ದ ಹಿರಿಯರನ್ನು ಕೇಳಲು ಹೋದ.

೪. ತಣ್ಣಗಿರಲಿ

ನಾವು ಇಳಿದುಕೊಂಡದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಮೇಲೆ ನಾಲ್ಕು ಕೋಣೆ ಬಾಡಿಗೆಗೆ, ಕೆಳಗೆ ಅಜ್ಜಿ ಒಬ್ಬಳೇ. ಗಂಡ ತೀರಿಹೋಗಿದ್ದ. ನನ್ನ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾವು ಮೀನು, ಮಾಂಸ ಏನೂ ಮುಟ್ಟದಿರುವುದು ನೋಡಿ, ಇವರು ಯಾವುದೋ ಮಠದವರು ಅಂದುಕೊಂಡು ಬಹಳ ಗೌರವದಿಂದ ನಡೆಸಿಕೊಳ್ಳುತ್ತಿದ್ದಳು.

ಶನಿವಾರ ಮಧ್ಯಾಹ್ನ ಅವಳೇ ನಮ್ಮನ್ನು ಊರಾಚೆಯ ಒಂದು ಗುಡಿಗೆ ಕರೆದುಕೊಂಡು ಹೋದಳು. ಇಲ್ಲಿಯ ಗುಡಿಗಳಲ್ಲಿ ಅಂಗೈಯಗಲದ ಮರದ ಹಲಗೆ ಸಿಗುತ್ತದೆ, ಅದರ ಮೇಲೆ ಹರಕೆ ಬರೆದು ತೂಗುಹಾಕಬೇಕು. ಹೆಂಡತಿಗೆ ನಾಡದೇವಿ ಚಾಮುಂಡಿ ದೂರ, ಹತ್ತಿರ ಇದ್ದದ್ದು ಈ ದೇವರು. "ಇವರಿಗೆ ಕನ್ನಡ ಬರಲ್ಲ, ಜಪಾನಿಯಲ್ಲೇ ಬರಿ ಪುಟ್ಟಿ," ಅಂತ ಮಗಳ ಕೈಗೆ ಪೆನ್ನು ಕೊಟ್ಟಳು.

"ಏನು ಬರೀಲಿ?"

"ಅಪ್ಪನ ಹೊಟ್ಟೆ ತಣ್ಣಗಿರಲಿ ಅಂತ ಬರಿ."

ನಮ್ಮಲ್ಲಿ ಇದಕ್ಕಿಂತ ದೊಡ್ಡ ಹಾರೈಕೆ ಇಲ್ಲ. ಮಗಳು ನಾಲಿಗೆ ಹೊರಗೆ ಹಾಕಿಕೊಂಡು, ಒಂದಕ್ಷರ ಬಿಡದೆ ಬರೆದಳು. ನನಗೆ ಅಳು ಬರುವ ಹಾಗಾಗಿ ಅತ್ತ ತಿರುಗಿದೆ. ಅಜ್ಜಿ ಬಗ್ಗಿ ಓದಿದಳು. ಓದಿ, ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಹೆಂಡತಿಯನ್ನು ಗಾಬರಿಯಿಂದ ನೋಡಿದಳು.

ಜಪಾನಿನಲ್ಲಿ ಹೊಟ್ಟೆ ತಣ್ಣಗಾಯಿತು ಅಂದರೆ ಎಲ್ಲ ರೋಗಕ್ಕೂ ಅದೇ ಮೂಲ. ಮಕ್ಕಳನ್ನು ಬೇಸಿಗೆಯಲ್ಲೂ ಹೊಟ್ಟೆ ಮುಚ್ಚಿ ಮಲಗಿಸುತ್ತಾರೆ. ನನ್ನ ಹೆಂಡತಿ ಅವರ ದೇವರ ಮುಂದೆ, ಮಗುವಿನ ಕೈಯಲ್ಲಿ ಬರೆಸಿ, ಗಂಡನಿಗೆ ಶಾಪ ಹಾಕಿದ ಹಾಗಾಗಿತ್ತು.

ಸಂಜೆ ಮಗಳ ಕೈಲಿ ನಿಜ ಸಂಗತಿ ಹೇಳಿಸಿದೆವು. ಅಜ್ಜಿ ಎದ್ದು ಒಳಗೆ ಹೋಗಿ, ಕಂದು ಉಣ್ಣೆಯ ಅಗಲವಾದ ಒಂದು ಹೊಟ್ಟೆಪಟ್ಟಿ ತಂದು, ಇದನ್ನು ಈಗಲೇ ಹಾಕಿಕೊಳ್ಳಬೇಕು ಅಂದಳು. ತೀರಿಹೋದ ಗಂಡನದಂತೆ. ನಾನು ಅಂಗಿಯ ಮೇಲೇ ತೊಟ್ಟುಕೊಂಡೆ. ಹೊಚ್ಚ ಹೊಸದರ ಹಾಗಿತ್ತು.

"ಅವರು ಏನಾಗಿ ಹೋದರಂತೆ, ಕೇಳು," ಅಂತ ಹೆಂಡತಿ ಮಗಳಿಗೆ ಹೇಳಿದಳು. ಕೇಳಬಾರದಿತ್ತು.

ಮಗಳು ಕೇಳಿ ಬಂದು ಹೇಳಿದಳು: "ಹೊಟ್ಟೆಯಂತೆ. ಎಷ್ಟು ಹೇಳಿದರೂ ಇದನ್ನ ಹಾಕ್ಕೊಳ್ತಾ ಇರಲಿಲ್ವಂತೆ, ಅದಕ್ಕೇ."

೫. ಎಂಬತ್ತೆರಡು ಕೆಜಿ

ಭಾನುವಾರ ಅಜ್ಜಿ ತನ್ನ ಬೆಂಕಿಪೊಟ್ಟಣದಂಥ ಕಾರಿನಲ್ಲಿ ನಮ್ಮನ್ನು ಬೆಟ್ಟದ ಆಚೆ ಮಗ್ಗುಲಿಗೆ ಕರೆದುಕೊಂಡು ಹೋದಳು. ಅಲ್ಲೊಂದು ಹಳ್ಳಿ. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಈ ಬೆಟ್ಟ ಸಿಡಿದಾಗ ಕಲ್ಲು ಮಣ್ಣಿನ ಪ್ರವಾಹ ಬಂದು ಹಳ್ಳಿಗೆ ಹಳ್ಳಿಯನ್ನೇ ಮುಚ್ಚಿತಂತೆ. ಎತ್ತರದಲ್ಲಿ ಕರುಣೆಯ ದೇವತೆಯ ಗುಡಿ. ಮೆಟ್ಟಿಲು ಹತ್ತಿ ಗುಡಿ ಸೇರಿದವರಷ್ಟೇ ಉಳಿದರಂತೆ. ಈಗ ನೆಲದ ಮೇಲೆ ಹದಿನೈದು ಮೆಟ್ಟಿಲು ಕಾಣುತ್ತದೆ. ಮಿಕ್ಕದ್ದು ಮಣ್ಣಿನೊಳಗೆ.

ಅಜ್ಜಿ ಹೇಳುತ್ತಿದ್ದಳು, ಮಗಳು ಕನ್ನಡ, ಇಂಗ್ಲಿಷು ಬೆರೆಸಿ ನಮಗೆ ದಾಟಿಸುತ್ತಿದ್ದಳು. "ಇಲ್ಲಿ ಡಿಗ್ ಮಾಡಿದಾಗ ಕೆಳಗಡೆ ಸ್ಟೆಪ್ಸ್ ಹತ್ರ ಇಬ್ಬರು ಸಿಕ್ಕಿದ್ರಂತೆ. ಇಬ್ಬರೂ ಲೇಡೀಸ್. ಒಬ್ಬರು ಇನ್ನೊಬ್ಬರನ್ನ ಬೆನ್ನ ಮೇಲೆ ಹೊತ್ಕೊಂಡಿದ್ರಂತೆ. ಹತ್ತಕ್ಕೆ ಆಗಲಿಲ್ಲ."

ಅಜ್ಜಿ ಕೈ ಮುಗಿದಳು, ನಾವೂ ಮುಗಿದೆವು. ವಾರದಿಂದ ಹೆಂಡತಿ ಆ ಪತ್ರದ ಬಗ್ಗೆ ಒಂದು ಮಾತು ಎತ್ತಿರಲಿಲ್ಲ. ನಿಮ್ಮ ಹೊಟ್ಟೆ, ನೀವೇ ನೋಡಿ ಅಂತ ಬಿಟ್ಟಿದ್ದಳು. ನಾನು ಮೂರನೇ ಮೆಟ್ಟಿಲ ಮೇಲೆ ಕೂತು, ಏನಾದರೂ ಹೇಳಬೇಕಲ್ಲ ಅಂತ, "ಬೆಂಗಳೂರಿಗೆ ಹೋಗಿ ಒಂದು ಸೆಕೆಂಡ್ ಒಪಿನಿಯನ್ ತಗೊಂಡು, ಹಬ್ಬ ಮುಗಿಸಿಕೊಂಡು, ನಿಧಾನವಾಗಿ..." ಅಂತ ಶುರುಮಾಡಿದೆ.

ಅವಳು ಮೆಟ್ಟಿಲ ಬುಡವನ್ನೇ ನೋಡುತ್ತಿದ್ದಳು. "ಹತ್ತೋದಾದ್ರೆ ಈಗ ಹತ್ತಿ," ಅಂದಳು. "ಆಮೇಲೆ ಕೈಲಾಗಲ್ಲ ಅಂತ ಕೂತ್ರೆ, ನಾನು ಬಿಟ್ಟು ಹೋಗೋಳಲ್ಲ, ಬೆನ್ನ ಮೇಲೆ ಹಾಕ್ಕೊಳ್ಳೋಳೇ. ಆದರೆ ಎಂಬತ್ತೆರಡು ಕೆಜಿ ಇದ್ದೀರ. ಇಬ್ಬರೂ ಕೆಳಗೇ ಇರ್ತೀವಿ. ಮೇಲೆ ಇವಳೊಬ್ಬಳು ನಿಂತಿರ್ತಾಳೆ."

ನನಗೆ ನಾಚಿಕೆಯಾಯಿತು. ಬ್ಯಾಗಿನಿಂದ ಪತ್ರ ತೆಗೆದೆ. ಮಗಳನ್ನು ಬಗ್ಗಿಸಿ ನಿಲ್ಲಿಸಿ, ಅವಳ ಬೆನ್ನ ಮೇಲೆ ಹಾಳೆ ಇಟ್ಟು ಹೆಸರಿನ ಮುದ್ರೆ ಒತ್ತಿದೆ. ಅವಳಿಗೆ ಕಚಗುಳಿಯಾಗಿ ಅಲುಗಾಡಿದಳು. ಮುದ್ರೆ ತಲೆಕೆಳಗಾಗಿ ಬಿತ್ತು.

ಅಜ್ಜಿ ಕನ್ನಡಕ ಏರಿಸಿ ಪರೀಕ್ಷೆ ಮಾಡಿ, ಪರವಾಗಿಲ್ಲ ಅಂದಳು. ಹೇಗೂ ಮಲಗಿಸಿಯೇ ಆಪರೇಷನ್ ಮಾಡುವುದು, ಆಗ ತಲೆಕೆಳಗಾದ ಮುದ್ರೆಯೂ ಸರಿಹೋಗುತ್ತದೆ ಅಂದಳಂತೆ.

೬. ಸ್ಟೀಲ್ ತಟ್ಟೆ

ಇದು ನಾನು ಕಣ್ಣಾರೆ ನೋಡಿದ್ದಲ್ಲ. ನಡೆದಾಗ ನಾನು ಪಕ್ಕದ ಕೋಣೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದೆ.

ಬುಧವಾರ ಮಗಳು ಶಾಲೆ ಮುಗಿಸಿ ಗ್ಯೋಟೋಕುವಿನಲ್ಲಿ ಪಕ್ಕದ ಮನೆಯವರ ಹತ್ತಿರ ಇದ್ದಳು. ಹಾಗಾಗಿ ಹೆಂಡತಿಗೆ ಭಾಷೆ ದಾಟಿಸುವವರು ಯಾರೂ ಇರಲಿಲ್ಲ. ಆರು ಗಂಟೆ ಹೊತ್ತು ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು. ಕೊನೆಗೆ ನರ್ಸ್ ಬಂದು ಒಳಗೆ ಕರೆದಳು. ಗಂಡನನ್ನು ತೋರಿಸುತ್ತಾರೆ ಅಂದುಕೊಂಡು ಇವಳು ಸೀರೆ ಸೆರಗು ಸರಿಮಾಡಿಕೊಂಡು ಹೋದಳು. ಅಲ್ಲಿ ಗಂಡ ಇರಲಿಲ್ಲ. ಸರ್ಜನ್ ಹಸಿರು ಟೋಪಿ ಹಾಕಿಕೊಂಡು ನಿಂತಿದ್ದರು. ಮುಂದೆ ಮೇಜು, ಮೇಜಿನ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ನನ್ನ ಹೊಟ್ಟೆ.

ಇಲ್ಲಿ ಅದು ಪದ್ಧತಿಯಂತೆ. ತೆಗೆದದ್ದನ್ನು ಮನೆಯವರಿಗೆ ತೋರಿಸಿ, ಇದೋ ಇಷ್ಟು, ಎಲ್ಲ ಬಂದಿದೆ ಅಂತ ಒಪ್ಪಿಸುತ್ತಾರೆ. ನಮಗೆ ಯಾರೂ ಹೇಳಿರಲಿಲ್ಲ. ಇವಳೋ ತವರಿನಲ್ಲಿ ಮೊಟ್ಟೆ ಒಡೆಯುವುದನ್ನೂ ಕಂಡವಳಲ್ಲ. "ಹೇಗಿತ್ತು?" ಅಂತ ಆಮೇಲೆ ಕೇಳಿದ್ದಕ್ಕೆ, "ಒಗೆದು ಹಿಂಡಿಟ್ಟ ಬನೀನಿನ ಹಾಗಿತ್ತು ರೀ," ಅಂದಳು.

ಸರ್ಜನ್ ಚಿಮುಟದಿಂದ ಅಲ್ಲಲ್ಲಿ ಎತ್ತಿ ತೋರಿಸಿ, ರೋಗ ಇದ್ದದ್ದು ಇಲ್ಲಿ, ಅಂಚು ಶುದ್ಧವಾಗಿದೆ, ಎಲ್ಲ ಬಂದಿದೆ ಅಂತ ಕೈಸನ್ನೆಯಲ್ಲಿ ವಿವರಿಸಿ, ತಲೆ ಬಾಗಿಸಿದರು. ಈಗ ಇವಳು ಏನಾದರೂ ಹೇಳಬೇಕು. ಜಪಾನಿನಲ್ಲಿ ಕೆಲಸ ಮಾಡಿ ದಣಿದವರಿಗೆ 'ಒತ್ಸುಕಾರೆಸಾಮಾ ದೆಶಿತಾ' ಅನ್ನಬೇಕು, ಬಹಳ ಶ್ರಮಪಟ್ಟಿರಿ ಅಂತ. ಅದನ್ನು ಕನ್ನಡ ಅಕ್ಷರದಲ್ಲಿ ಅಂಗೈ ಮೇಲೆ ಬರೆದುಕೊಂಡು ಬೆಳಗಿನಿಂದ ಉರುಹೊಡೆದಿದ್ದಳು. ಅಂಗೈ ನೋಡಿದರೆ ಬೆವರಿಗೆ ಅಳಿಸಿ 'ಸಾಮಾ ದೆಶಿತಾ' ಮಾತ್ರ ಉಳಿದಿತ್ತು. ಅಳಿಸಿಹೋದ ಮೊದಲಿನ ತುಂಡನ್ನು ತಲೆಯೊಳಗೆ ಹುಡುಕಿದಳು. ಸಿಕ್ಕಿತು. ಎರಡೂ ಕೈ ಜೋಡಿಸಿ, ತಟ್ಟೆಗೆ ನಮಸ್ಕಾರ ಮಾಡಿ, ಸ್ಪಷ್ಟವಾಗಿ "ಗೊಚಿಸೋಸಾಮಾ ದೆಶಿತಾ" ಅಂದಳು.

ಅದು ಊಟ ಮುಗಿಸಿ ಎಲೆಯ ಮುಂದೆ ಹೇಳುವ ಮಾತು. ಭೋಜನ ಬಹಳ ಚೆನ್ನಾಗಿತ್ತು ಅಂತ ಅರ್ಥ.

ನರ್ಸ್ ಗೋಡೆ ಕಡೆ ತಿರುಗಿಕೊಂಡಳು. ಸರ್ಜನ್ ಆರು ಗಂಟೆ ನಿಂತು ಸುಸ್ತಾದ ಮನುಷ್ಯ, ಮರ್ಯಾದೆ ಮೂಳೆಯಲ್ಲಿ ಸೇರಿದ ಮನುಷ್ಯ. ಅವರ ಬಾಯಿ ತಾನಾಗಿ, ಊಟ ಹಾಕಿದ ಮನೆಯವರು ಕೊಡಬೇಕಾದ ಉತ್ತರವನ್ನೇ ಕೊಟ್ಟಿತು. ಇನ್ನೂ ಆಳವಾಗಿ ಬಾಗಿ, "ಒಸೊಮಾತ್ಸುಸಾಮಾ ದೆಶಿತಾ" ಅಂದರು. ಏನೋ ಬಡವರ ಅಡುಗೆ, ಏನೂ ವಿಶೇಷ ಇರಲಿಲ್ಲ, ತಪ್ಪು ತಿಳಿಯಬೇಡಿ.

ಹೆಂಡತಿಗೆ ತಾನು ಏನಂದೆ ಅಂತ ಹೊಳೆದದ್ದು ಕಾರಿಡಾರಿಗೆ ಬಂದ ಮೇಲೆ. ಗೋಡೆ ಹಿಡಿದು ಕೂತು ಜೋರಾಗಿ ಅತ್ತಳಂತೆ. ಕಾಯಿಲೆ ಗೊತ್ತಾದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಳುತ್ತಾ ಅಳುತ್ತಾ ನಗು ಬಂದು, ಯಾವುದನ್ನು ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲವಂತೆ.

ಮೂರನೇ ದಿನ ಮೂಗಿಗೊಂದು ನಳಿಕೆ, ಪಕ್ಕೆಗೊಂದು ನಳಿಕೆ ಹಾಕಿಕೊಂಡು ಮಲಗಿದ್ದಾಗ ಇದನ್ನೆಲ್ಲ ನನಗೆ ಹೇಳಿದಳು. ನಗು ತಡೆಯಲು ಹೋದೆ, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು, ಗಾಯ ಜಗ್ಗಿತು, ಮಾನಿಟರ್ ಕಿರುಚಿ ನರ್ಸ್ ಓಡಿ ಬಂದಳು. "ನಗಬೇಡ್ರೀ, ಹೊಲಿಗೆ ಬಿಚ್ಕೊಳ್ಳುತ್ತೆ," ಅಂತ ಹೆಂಡತಿ ನನ್ನ ಕೈ ಹಿಡಿದುಕೊಂಡು ತಾನೇ ನಗುತ್ತಿದ್ದಳು.

ಹೊಟ್ಟೆ ಹುಣ್ಣಾಗುವ ಹಾಗೆ ನಗುವುದು ಅಂತಾರಲ್ಲ, ಅಂಥ ನಗು ನನಗೆ ಬಂದದ್ದು ಜೀವನದಲ್ಲಿ ಅದೊಂದೇ ಸಲ. ಹುಣ್ಣಾಗುವುದಕ್ಕೆ ಹೊಟ್ಟೆಯೇ ಇರಲಿಲ್ಲ.